ಕೊನೆಮನೆಗೆ ಬಂದ ಕೆಂಪು ನೀರು

ಆಷಾಢದ ನಲವತ್ತೊಂದನೇ ದಿನ

ಮಳೆ ನಿಲ್ಲುವವರೆಗೆ ನಾವು ಆಷಾಢ ಮುಗಿಸುವುದಿಲ್ಲ. ತಾರೀಖೂ ನನ್ನ ಮಾತೂ ವಿಚಿತ್ರ ಅನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪರಿಸರ ಮಂತ್ರಿಗಳಿಗೆ, ಆರು ತಲೆಮಾರು ಈಚೆಯಿಂದ, ಅದೇ ಖಾತೆ ಹೊತ್ತಿರುವ ನಿಂಬವ್ವ ಹಾದಿಮನಿಯ ನಮಸ್ಕಾರ.

ನಮ್ಮಲ್ಲಿ ಈ ಖಾತೆಯವರು ಕೊನೆಮನೆಯಲ್ಲೇ ಇರಬೇಕು. ಕೊನೆಮನೆ ಅಂದರೆ ಹೊಳೆಯ ಕಟ್ಟಕಡೆಯ ಮನೆ. ಮೇಲಿನ ಊರು, ಕಾರ್ಖಾನೆ, ಆಸ್ಪತ್ರೆ ಎಲ್ಲ ಬಳಸಿ ಬಿಟ್ಟ ನೀರೇ ನಮ್ಮ ನಲ್ಲಿಗೆ ಬರುತ್ತದೆ. ಬೇರೆ ಕಡೆಯಿಂದ ಒಂದು ಕೊಡ ತಂದರೂ ಪದವಿ ಹೋಯಿತು. ನನ್ನ ಗಂಡ ಚಹಾ ಕುಡಿದು ಮುಖ ಸಿಂಡರಿಸಿದರೆ ಸಾಕು, ಇಲಾಖೆಯವರು ಓಡಿ ಬರುತ್ತಾರೆ. ಸಕ್ಕರೆ ಕಮ್ಮಿಯಾಗಿದೆ ಕಣ್ರಪ್ಪಾ ಅಂತ ಅವರನ್ನು ಸಾಗಹಾಕುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ.

ಹೋದ ತಿಂಗಳು ದಂಡೆಯ ಮೇಲೆ ಬಣ್ಣದ ಕಾರ್ಖಾನೆಯೊಂದಕ್ಕೆ ಒಪ್ಪಿಗೆ ಕೊಟ್ಟೆ. ಎಲ್ಲ ಪರೀಕ್ಷೆ ಮಾಡಿಸಿಯೇ ರುಜು ಹಾಕಿದ್ದು. ಇವತ್ತು ಬೆಳಿಗ್ಗೆ ಮಗಳು ಶಾಂಭವಿಯ ಹಸುಗೂಸಿಗೆ ಎರೆಯಲು ನಲ್ಲಿ ತಿರುಗಿಸಿದರೆ, ನೀರು ಕೆಂಪಗೆ! ಶಾಂಭವಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಮುಖವನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಾರ್ಖಾನೆ ನಿಲ್ಲಿಸಿ ಎಂದು ಫೋನಿನಲ್ಲಿ ಕೂಗಾಡುತ್ತಾ, ಚಪ್ಪಲಿ ಕೂಡ ಮೆಟ್ಟದೆ ದಂಡೆ ಹಿಡಿದು ಓಡಿದೆ.

ನೋಡಿದರೆ ಕಾರ್ಖಾನೆಯ ಮೇಲ್ಗಡೆಯೂ ನೀರು ಕೆಂಪೇ. ಇನ್ನೂ ಮೇಲೆ ಹೋದರೆ, ಊರಿನ ಹೆಂಗಸರೆಲ್ಲ ಸಾಲಾಗಿ ನಿಂತು ಹೊಳೆಗೆ ಹಂಡೆ ಹಂಡೆ ಬಗ್ಗಿಸುತ್ತಿದ್ದಾರೆ. ಅರಿಸಿನಕ್ಕೆ ಸುಣ್ಣ ಕದಡಿದ ಆರತಿ ನೀರು! ಕೊನೆಮನೆಯಲ್ಲಿ ಕೂಸು ಹುಟ್ಟಿದೆ, ಅಷ್ಟು ದೂರ ಹೋಗಿ ಬೆಳಗುವುದೇಕೆ, ಹೊಳೆಗೆ ಬಿಟ್ಟರೆ ತಾನಾಗಿ ಹೋಗಿ ದೃಷ್ಟಿ ತೆಗೆಯುತ್ತದೆ ಎಂದುಕೊಂಡಿದ್ದರಂತೆ. ಅಯ್ಯೋ ನಿಮ್ಮ ಬುದ್ಧಿಗಿಷ್ಟು ಎಂದು ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಕಲ್ಲಿನ ಮೇಲೆ ಕುಸಿದು ಕೂತು ನಕ್ಕೆ, ಅತ್ತುಬಿಟ್ಟೆ. ಹೋದ ಜೀವ ಬಂದಂತಾಯಿತು. ಮಧ್ಯಾಹ್ನದ ಹೊತ್ತಿಗೆ ನೀರು ತಿಳಿಯಾಯಿತು, ಪರೀಕ್ಷೆಯೂ ಆಯಿತು. ಕೂಸಿಗೆ ಎರೆದು ಮಲಗಿಸಿದೆವು.

ಮಾನ್ಯರೇ, ನಿಮ್ಮ ಕಾಲದಲ್ಲಿ ಹೊಳೆಯ ಬಣ್ಣ ಬದಲಾದರೆ ಮಂತ್ರಿಗಳು ವರದಿ ಕೇಳುತ್ತಿದ್ದರಂತೆ. ವರದಿ ಬರುವವರೆಗೂ ಯಾರದೋ ಮನೆಯಲ್ಲಿ ಅದೇ ನೀರನ್ನು ಕೂಸಿಗೆ ಎರೆಯುತ್ತಿದ್ದರು. ನನ್ನದೊಂದೇ ಕೋರಿಕೆ: ಇವತ್ತು ನಾನು ಪಟ್ಟ ಭಯ ನಿಮಗೂ ಬರಲಿ. ಇದು ಶಾಪವಲ್ಲ. ಆ ಭಯ ಮಂತ್ರಿಗಳಾದ ನಮ್ಮ ಮನೆಯೊಳಗೆ ಬಂದ ಮೇಲೆಯೇ ಇಲ್ಲಿ ಎಲ್ಲರ ಕೂಸುಗಳೂ ಉಳಿದದ್ದು.