ಹಚ್ಚದೆ ಬಿಟ್ಟ ಬಿಳಿ

ಭಾನುವಾರ, ಮಧ್ಯಾಹ್ನ

ನನ್ನ ಹಟಮಾರಿ ತಂಗಿಗೆ, ಅಕ್ಕನ ಆಶೀರ್ವಾದ ಮತ್ತು ಒಂದಷ್ಟು ಬೈಗುಳ.

ಬೈಗುಳ ಮೊದಲು. ಚಿತ್ರದ ಪ್ರಿಂಟು ಕಳಿಸಿದ್ದು ಸರಿ, ಜೊತೆಗೆ ಆ ಚೀಟಿ ಯಾಕೆ ಬೇಕಿತ್ತು? ಇದು ಚಿತ್ರ ಹೌದೋ ಅಲ್ವೋ ಹೇಳಿಬಿಡು ಅಕ್ಕಾ, ಅಲ್ಲ ಅಂದ್ರೆ ಇವತ್ತೇ ಬಿಟ್ಟುಬಿಡ್ತೀನಿ, ಇನ್ನು ಜನ್ಮದಲ್ಲಿ ಗೆರೆ ಎಳೆಯಲ್ಲ ಅಂತ ಬರೆದಿದ್ದೀಯ. ಅಯ್ಯೋ, ಇಷ್ಟು ದೊಡ್ಡ ಭಾರವನ್ನು ಅಂಚೆಯಲ್ಲಿ ಕಳಿಸುತ್ತಾರೇನೇ? ಎರಡು ದಿನ ನನಗೆ ಊಟ ಸೇರಲಿಲ್ಲ.

ನನ್ನನ್ನೇ ಯಾಕೆ ಕೇಳಿದೆ ಅಂತ ಗೊತ್ತು. ಲಕ್ವ ಹೊಡೆದು ನಿನ್ನ ಬಲಗೈ ನಡುಗತೊಡಗಿದ ಮೇಲೆ ನಿನ್ನ ಮಗ ಆ ಟ್ಯಾಬ್ಲೆಟ್ಟು ತಂದುಕೊಟ್ಟ. ಗಾಜಿನ ಮೇಲೆ ಗೀಚೋದೂ ಒಂದು ಚಿತ್ರವೇನೇ ಅಂತ ನಾನು ಫೋನಿನಲ್ಲಿ ಅಂದದ್ದು ನಿಜ, ಇಲ್ಲ ಅನ್ನುವುದಿಲ್ಲ. ನಾವಿಬ್ಬರೂ ಅಪ್ಪನ ಕೈಕೆಳಗೆ ಕಲಿತದ್ದು ಜಲವರ್ಣ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುವ ಹಾಗೆ, ಕಾಗದದ ಮೇಲೆ ಒಮ್ಮೆ ಬಿದ್ದ ಬಣ್ಣ ಬಿದ್ದದ್ದೇ. ನಿನ್ನ ಯಂತ್ರದಲ್ಲಾದರೋ ತಪ್ಪಾದರೆ ಒತ್ತಿದರಾಯಿತು, ಮಾಯ!

ಸರಿ, ಪ್ರಿಂಟನ್ನು ಕಿಟಕಿಯ ಬಳಿ ಇಟ್ಟುಕೊಂಡು ಕೂತೆ. ಚಿತ್ರದಲ್ಲಿ ನಿಮ್ಮ ಎದುರು ಅಂಗಡಿಯ ದರ್ಜಿ, ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಿದ್ದಾನೆ. ಕತ್ತಿನಲ್ಲಿ ಅಳತೆ ಟೇಪು, ಮುರಿದ ಕನ್ನಡಕದ ಕಾಲಿಗೆ ಸುತ್ತಿದ ಕೆಂಪು ದಾರ, ಹಿಂದೆ ಇನ್ನೂ ಗುಂಡಿ ಕಾಣದ ಅಂಗಿ. ಕನ್ನಡಕದ ಗಾಜಿನ ಮೇಲೆ ಬಾಗಿಲ ಬೆಳಕಿನ ಒಂದು ಚೂರು ಬಿಳಿ. ಮೊಸರಲ್ಲಿ ಕಲ್ಲು ಹುಡುಕುವವಳು ನಾನು, ನಿನಗೇ ಗೊತ್ತು. ಹುಡುಕಿದೆ, ಸಿಗಲಿಲ್ಲ.

ಆದರೂ ಒಂದು ಹುಳ ಕೊರೆಯುತ್ತಲೇ ಇತ್ತು. ನಡುಗುವ ಕೈಯ ಗೆರೆಯನ್ನು ಯಂತ್ರವೇ ತಿದ್ದಿ ನೆಟ್ಟಗೆ ಮಾಡುತ್ತದೆ ಅಂತ ನೀನೇ ಹೇಳಿದ್ದೆ. ಹಾಗಾದರೆ ಈ ದರ್ಜಿಯಲ್ಲಿ ನೀನೆಷ್ಟು, ಯಂತ್ರವೆಷ್ಟು? ನಿನ್ನನ್ನು ಕೊರೆಯುತ್ತಿರುವುದೂ ಅದೇ ಹುಳ ಅಲ್ಲವೇ?

ಅಷ್ಟರಲ್ಲಿ ನನ್ನ ಮಗಳು ಬಂದಳು. ನೀನು ಅವಳಿಗೆ ಕಳಿಸಿದ್ದ ಮೂಲ ಚಿತ್ರವನ್ನು ತನ್ನ ಟ್ಯಾಬ್ಲೆಟ್ಟಿನಲ್ಲಿ ತೆರೆದು, ನೋಡಮ್ಮ, ಇದ್ರಲ್ಲಿ ಅಡಿಯಲ್ಲಿರೋ ಕಾಗದದ ಬಣ್ಣಾನೇ ಬದಲಾಯಿಸಬಹುದು ಅಂತ ಬೆರಳೊತ್ತಿದಳು. ಬಿಳಿ ಕಾಗದ ನೀಲಿಯಾಯಿತು. ಅದರ ಜೊತೆಗೇ ಕನ್ನಡಕದ ಮೇಲಿನ ಬಿಳಿ ಚೂರೂ ನೀಲಿಯಾಯಿತು. ಸೂಜಿಯ ಮಿಂಚೂ ನೀಲಿ, ದರ್ಜಿಯ ಕಿವಿ ಪಕ್ಕದ ನರೆಯೂ ನೀಲಿ. ಮಗಳು ಬಿದ್ದು ಬಿದ್ದು ನಕ್ಕಳು. ಚಿಕ್ಕಮ್ಮಂಗೆ ಗೊತ್ತೇ ಇಲ್ವೇನೋ, ಇಲ್ಲಿ ಬಿಳೀನ ಕೊನೇಲಿ ಮೇಲಿಂದ ಹಚ್ಚಬಹುದು ಅಂದಳು.

ನನಗೆ ನಗು ಬರಲಿಲ್ಲ ಕಣೇ. ಅಳು ಬಂತು.

ನೀನು ಬಿಳಿಯನ್ನು ಹಚ್ಚಿಯೇ ಇಲ್ಲ, ಬಿಟ್ಟಿದ್ದೀಯ! ಬಿಳಿ ನಿಮ್ಮ ಡಬ್ಬೀಲಿಲ್ಲ ಮಕ್ಕಳೇ, ಕಾಗದದಲ್ಲಿದೆ, ಮೊದಲೇ ನೋಡಿ ಬಿಡಬೇಕು ಅಂತ ಅಪ್ಪ ಬಿಳಿ ಟ್ಯೂಬನ್ನೇ ಬಚ್ಚಿಡುತ್ತಿದ್ದರಲ್ಲ, ಹಾಗೆ. ಬೇಕಾದಷ್ಟು ಸಲ ಅಳಿಸಿ ಬರೆಯಬಹುದಾದ ಕಡೆಯಲ್ಲೂ ನೀನು ಮೊದಲು ನೋಡಿ, ಆಮೇಲೆ ಕೈ ಇಟ್ಟಿದ್ದೀಯ. ಕೈಯ ನಡುಕವನ್ನು ಯಂತ್ರ ತೆಗೆದಿರಬಹುದು. ಎಲ್ಲಿ ಕೈ ಇಡಬಾರದು ಅನ್ನುವುದು ಅದಕ್ಕೇನು ಗೊತ್ತು? ಅದನ್ನು ಕಂಡದ್ದು ನಿನ್ನ ಕಣ್ಣು. ಆ ಕಣ್ಣಿಗೆ ಲಕ್ವ ಹೊಡೆದಿಲ್ಲ.

ಅದಕ್ಕೇ ಹೇಳುತ್ತೇನೆ ಕೇಳು. ಚಿತ್ರ ಕಣೇ. ಹೊಟ್ಟೆಕಿಚ್ಚು ಬರುವಂಥ ಚಿತ್ರ. ಬಿಟ್ಟುಗಿಟ್ಟೀಯ ಜೋಕೆ, ಕಾಲು ಮುರೀತೀನಿ. ಪ್ರಿಂಟಿಗೆ ಚೌಕಟ್ಟು ಹಾಕಿಸಿ ಅಪ್ಪನ ಚಿತ್ರದ ಪಕ್ಕದಲ್ಲೇ ತೂಗುಹಾಕಿದ್ದೇನೆ. ಜಾಗಕ್ಕಾಗಿ ನನ್ನದೊಂದು ಚಿತ್ರ ಇಳಿಸಬೇಕಾಯಿತು, ಇರಲಿ. ಮುಂದಿನ ಚಿತ್ರಕ್ಕೂ ಮೊಳೆ ಹೊಡೆದಿಟ್ಟಿದ್ದೇನೆ, ಬೇಗ ಕಳಿಸು.

ಇಷ್ಟು ಹೊಗಳಿದಳಲ್ಲ, ಅಕ್ಕನೂ ದಾರಿಗೆ ಬಂದಳು ಅಂತ ಮಾತ್ರ ಬೀಗಬೇಡ. ನೀನೂ ಕಲೀಬಹುದಲ್ಲಮ್ಮ ಅಂತ ಮಗಳು ದಿನಾ ಅದೇ ರಾಗ ಹಾಡುತ್ತಾಳೆ. ನನ್ನ ಕುಂಚ ನನಗಿದೆ, ನನ್ನ ನೀರಿನ ಲೋಟ ನನಗಿದೆ. ಗಾಜಿನ ಮೇಲೆ ಗೀಚುವ ಅವಳ ಆ ಟ್ಯಾಬ್ಲೆಟ್ಟಿನ ಪೆನ್ನನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಕೈಗೆ ದಿನಾ ಎಣ್ಣೆ ತಿಕ್ಕಿಕೋ. ಮಗನಿಗೆ ನನ್ನ ಆಶೀರ್ವಾದ ಹೇಳು.

ನಿನ್ನನ್ನು ಬೈಯಲೆಂದೇ ನಾಲ್ಕು ವರ್ಷ ಮೊದಲು ಹುಟ್ಟಿದ,
ಅಕ್ಕ

ಹೇಳಲು ಮರೆತೆ: ಆ ಪೆನ್ನನ್ನು ಬಣ್ಣ ಬದಲಿಸುವಾಗ ಅಭ್ಯಾಸಬಲದಿಂದ ನೀರಿನ ಲೋಟದಲ್ಲಿ ಅದ್ದಿ ಅಲ್ಲಾಡಿಸಿದರೆ ಪೂರ್ತಿ ಕೆಟ್ಟುಹೋಗುತ್ತದೆಯೇ? ಪಕ್ಕದ ಮನೆಯವರು ಕೇಳುತ್ತಿದ್ದರು. ಸದ್ಯಕ್ಕೆ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಾರಂತೆ. ಕಾಗದ ಸಿಕ್ಕಿದ ತಕ್ಷಣ ಫೋನ್ ಮಾಡು. ಮಗಳು ಎತ್ತಿದರೆ ಬೇರೇನಾದರೂ ಮಾತಾಡು.