ನಮ್ಮ ಮನೆಯಲ್ಲಿಲ್ಲದ ಎಮ್ಮೆ

ಮನ್ನಾಏಖೇಳ್ಳಿ, ಸೋಮವಾರ

ಮ್ಯಾನೇಜರ್ ಸಾಹೇಬರಿಗೆ,

ಹುಮನಾಬಾದಿನ ನಿಮ್ಮ ಕಾರ್ಖಾನೆಯಲ್ಲಿ ಪುಡಿ ಮಾಡುವ ಮಷಿನ್ ನನ್ನ ಬಲಗೈಯ ಮೂರು ಬೆರಳು ಕತ್ತರಿಸಿತು. "ಮುಚ್ಚಳ ತೆಗೀರಿ, ಕೆಲಸ ಜಲ್ದಿ ಆಗ್ತದ" ಎಂದವರು ನೀವೇ. ನಾನು ದೂರು ಕೊಟ್ಟ ಮೇಲೆ ನೀವು ಕಾರ್ಖಾನೆಗಳ ಇನ್ಸ್‌ಪೆಕ್ಟರಿಗೆ ಕೊಟ್ಟ ವರದಿ ಓದಿದೆ. ಮನೆಯಲ್ಲಿ ಎಮ್ಮೆಗೆ ಮೇವು ಕತ್ತರಿಸುವಾಗ ಬೆರಳು ಹೋದವಂತೆ!

"ಯಾವ ಎಮ್ಮಿ? ನಮ್ಮ ಮನ್ಯಾಗ ಕೋಳಿನೂ ಇಲ್ಲಲ್ಲ" ಎಂದಳು ನಮ್ಮವ್ವ. ಹಳ್ಳಿಯವರೆಂದರೆ ಎಲ್ಲರ ಮನೆಯಲ್ಲೂ ಎಮ್ಮೆ ಇರುತ್ತದೆ ಎಂದುಕೊಂಡಿರಾ?

ಗುರುವಾರ ಇನ್ಸ್‌ಪೆಕ್ಟರ್ ನಮ್ಮ ಮನೆ ನೋಡಲು ಬರುತ್ತಾರೆ. ಅಷ್ಟರೊಳಗೆ ವರದಿ ಬದಲಿಸಿ. ಇಲ್ಲವಾದರೆ ಒಂದು ಎಮ್ಮೆ ಕಳುಹಿಸಿ, ಮೇವು ಕತ್ತರಿಸುವ ಮಷಿನ್ನೂ ಕಳುಹಿಸಿ. ಅದಕ್ಕಾದರೂ ಮುಚ್ಚಳ ಇರಲಿ. ನನಗೆ ಇನ್ನು ಏಳೇ ಬೆರಳಿವೆ.

ಎಡಗೈಯಲ್ಲಿ ಬರೆದವಳು,
ರತ್ನಮಾಲಾ