ಉಂಗುರಗಳು ಮಾಸಿದ ಮೀನು

ಡೆಲ್ಫಿನಣ್ಣಾ,

ನೀನು ಸತ್ತ ದಿನ ಹಿಡಿದಿದ್ದ ಏಂಜೆಲ್ ಮೀನನ್ನು ಇವತ್ತು ಸೆಬು ನಗರದಲ್ಲಿ ನೋಡಿದೆ. ನಮ್ಮಿಂದ ಬಣ್ಣದ ಮೀನು ಕೊಳ್ಳುವ ವ್ಯಾಪಾರಿ ಸೆಲ್ಸೊ ಅದನ್ನು ಮಾರದೆ ಗಾಜಿನ ತೊಟ್ಟಿಯಲ್ಲಿ ಇಟ್ಟುಕೊಂಡಿದ್ದಾನೆ. ಮರಿಯ ಮೈಮೇಲಿನ ಉಂಗುರಗಳು ಅದು ಬೆಳೆದಂತೆ ಮಾಸಿ ಹಳದಿ ಪಟ್ಟೆಗಳಾಗುತ್ತವೆ ಎಂದು ನೀನೇ ಕಲಿಸಿದ್ದೆ. ಆದರೂ ನನಗೆ ಗುರುತು ಸಿಗಲಿಲ್ಲ, ಸೆಲ್ಸೊನೇ ಹೇಳಬೇಕಾಯಿತು.

"ಮೂರು ವರ್ಷ ಆಯ್ತು, ಹೆಂಗೆ ಬದುಕಿದೆ ನೋಡು!" ಎಂದ ಸೆಲ್ಸೊ. "ನಿನ್ನಷ್ಟು ತಾಳ್ಮೆಯಿಂದ ಮೀನು ಮೇಲೆ ತರೋರು ನಿಮ್ಮ ದ್ವೀಪದಲ್ಲೇ ಇಲ್ಲ ಕಣಯ್ಯ."

ನಾನು ತೊಟ್ಟಿಯ ಗಾಜಿನ ಹತ್ತಿರಕ್ಕೆ ಬಾಗಿದೆ.

ಹೌದು, ಆಳದಿಂದ ಸರ್ರನೆ ಮೇಲೆ ತಂದರೆ ಮೀನಿನ ಹೊಟ್ಟೆಯ ಗಾಳಿಚೀಲ ಒಡೆಯುತ್ತದೆಂದು ಅದರ ಬುಟ್ಟಿಯನ್ನು ಅರ್ಧ ಆಳದಲ್ಲಿ ಒಂದು ಗಂಟೆ ತೂಗುಹಾಕಿದ್ದೆ. ನಿನಗೆ ಮಾತ್ರ, ದೋಣಿಯಲ್ಲಿ ಅನ್ನ ಆರುತ್ತಿದೆಯೆಂದು, ನೀನು ನೀರಿನಡಿ ಉಸಿರಾಡುತ್ತಿದ್ದ ಗಾಳಿಪೈಪು ಜಗ್ಗಿ ಬೇಗ ಬಾ ಎಂದು ಸನ್ನೆ ಮಾಡಿದೆ. ನೀನು ತಳದಿಂದ ನೇರ ಮೇಲಕ್ಕೆ ಬಂದೆ. ನಾವೆಲ್ಲ ಹಾಗೆಯೇ ಬರುತ್ತಿದ್ದೆವು. ಹಾಗೆ ಬಂದರೆ ಮನುಷ್ಯನ ರಕ್ತದಲ್ಲೂ ಗಾಳಿಗುಳ್ಳೆ ಏಳುತ್ತದಂತೆ, ಕೈಕಾಲು ಮರಗಟ್ಟಿ ಜೀವವೇ ಹೋಗಬಹುದಂತೆ. ಆಮೇಲೆ ಡಾಕ್ಟರು ಹೇಳಿದರು.

ಅವತ್ತು ದೋಣಿಯಲ್ಲಿ ನೀನು ಎರಡು ತುತ್ತು ಉಂಡು ತಟ್ಟೆ ಕೆಳಗಿಟ್ಟೆ.

"ಕಾಲು ಜೋಮು ಹಿಡೀತಾ ಇದೆ ಕಣೋ. ದಡಕ್ಕೆ ಹೋಗೋಣ."

ನಾನು ಬುಟ್ಟಿಯ ಹಗ್ಗ ನೋಡಿದೆ.

"ಸ್ವಲ್ಪ ತಡ್ಕೊಳಣ್ಣ," ಎಂದೆ. "ಮೀನಿಗೆ ಇನ್ನೂ ಅರ್ಧ ಗಂಟೆ ಬೇಕು."